ಮೂರನೇ ಗೇಟಿನ ಫೋಟೋ

ಹೋದ ತಿಂಗಳು ದೇವದುರ್ಗದ ಒಂದು ಕಾಲೇಜಿಗೆ ಪ್ರಾಯೋಗಿಕ ಪರೀಕ್ಷೆ ತೆಗೆದುಕೊಳ್ಳಲು ಹೋಗಿದ್ದೆ. ರಾಯಚೂರಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು ನಾನು. ಹೊರಗಿನಿಂದ ಬಂದ ಪರೀಕ್ಷಕಿ ಎಂದರೆ ಮಕ್ಕಳ ಕಣ್ಣಿಗೆ ಯಮನ ತಂಗಿ, ಅದರಲ್ಲೂ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಒಬ್ಬ ಹುಡುಗಿ ಬರೆದ ಪ್ರೋಗ್ರಾಂ ಫೈಲು ಸಿಗುತ್ತಿಲ್ಲ ಎಂದು ಹೇಳಿ ನಿಂತುಬಿಟ್ಟಿತ್ತು. ಬಗ್ಗಿ ನೋಡಿದೆ. ಫೋಲ್ಡರುಗಳ ಹೆಸರಿನ ನಡುವೆ ಎಡಕ್ಕೆ ವಾಲಿದ ಗೆರೆ. ವಿಂಡೋಸ್‌ನಲ್ಲಿ ನಡೆಯುವ ಗೆರೆ ಅದು, ಆ ಕಾಲೇಜಿನಲ್ಲಿದ್ದದ್ದು ಲಿನಕ್ಸ್ ಯಂತ್ರಗಳು.

"ನಮ್ಮ ಮನಿ ಲ್ಯಾಪ್‌ಟಾಪ್‌ನ್ಯಾಗ ನಡೀತದ್ರಿ ಮೇಡಂ. ಇಲ್ಲೇ ಯಾಕೋ ಆಗವಲ್ದು," ಎಂದಳು.

ನಾನು ಕೀಬೋರ್ಡನ್ನು ಎತ್ತಿ ಟೇಬಲ್ಲಿಗೆ ಬಡಿದೆ. ಎರಡು ಕೀಲಿಗಳು ಸಿಡಿದು ನೆಲಕ್ಕೆ ಬಿದ್ದವು. "ನಿನ್ನ ಮನಿ ಲ್ಯಾಪ್‌ಟಾಪಿನ್ಯಾಗ ನಡದ್ರ ಮುಗೀತೇನು? ಇಂಥಾದ್ದಕ್ಕ ಕೈ ಮುರೀತಾರ, ಗೊತ್ತದೇನು ನಿಂಗ?" ಎಂದು ಇಡೀ ಲ್ಯಾಬು ಅದುರುವಂತೆ ಕೂಗಿದೆ. ಹುಡುಗಿ ಗಳಗಳ ಅತ್ತಳು. ಕೈ ಮುರಿಯುವ ಮಾತು ಎಲ್ಲಿಂದ ಬಂತೆಂದು ಯಾರಿಗೂ ತಿಳಿಯಲಿಲ್ಲ. ನನಗೇ ನಾಚಿಕೆಯಾಗಿ ಹೊರಗೆ ಬಂದೆ.

ಗೇಟಿನ ಹತ್ತಿರ ಒಬ್ಬ ಕಬ್ಬಿನ ಹಾಲಿನ ಯಂತ್ರ ಬಿಚ್ಚಿಟ್ಟುಕೊಂಡು ಹಲ್ಲುಚಕ್ರಕ್ಕೆ ಗ್ರೀಸು ಮೆತ್ತುತ್ತಿದ್ದ. ಉರಿಬಿಸಿಲಿಗೆ ಕಾದ ಕಬ್ಬಿಣ, ಅದರ ಮೇಲೆ ಕರಗುತ್ತಿರುವ ಗ್ರೀಸು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ದೇವದುರ್ಗದಲ್ಲಿರಲಿಲ್ಲ. ಮಾನ್ವಿ ತಾಲೂಕಿನ ಒಂದು ಕಾಲುವೆಯ ಮೂರನೇ ಗೇಟಿನ ಎದುರು, ಎಷ್ಟೋ ವರ್ಷದ ಹಿಂದಿನ ಒಂದು ಬೇಸಿಗೆಯಲ್ಲಿ ನಿಂತಿದ್ದೆ.

ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಒಡೆದ ಉಪಕಾಲುವೆ ಅದು. ಮೇಲಿನ ಊರುಗಳಿಗೆ ಮೊದಲು ನೀರು, ಕೆಳಗಿನ ಊರುಗಳಿಗೆ ಆಮೇಲೆ, ಬಂದರೆ. ಊರುಗಳ ಹೆಸರು ಹೇಳುವುದಿಲ್ಲ, ಅಲ್ಲಿಯ ಗಾಯ ಇನ್ನೂ ಮಾಗಿಲ್ಲ. ಬೇಸಿಗೆ ಭತ್ತಕ್ಕೆ ನೀರು ಸಾಲದಾದಾಗ ಸರದಿ ಹಾಕುತ್ತಾರೆ: ನಾಲ್ಕು ದಿನ ಮೇಲಿನವರಿಗೆ, ನಾಲ್ಕು ದಿನ ಕೆಳಗಿನವರಿಗೆ. ಮೂರನೇ ಗೇಟು ತೆರೆದರೆ ನೀರು ಮೇಲಿನ ಊರುಗಳ ಗದ್ದೆಗೆ ತಿರುಗುತ್ತದೆ, ಮುಚ್ಚಿದರೆ ನೇರ ಕೆಳಗೆ ಹೋಗುತ್ತದೆ. ಅಷ್ಟೂ ಹೊಡೆದಾಟ ಆ ಒಂದು ಕಬ್ಬಿಣದ ತಗಡಿನ ಸುತ್ತ.

ಆ ವರ್ಷ ಹೋಳಿಹುಣ್ಣಿಮೆಗೂ ಮುಂಚೆಯೇ ರಕ್ತ ಹರಿದಿತ್ತು. ಕಾಲುವೆಗೆ ಕದ್ದು ಇಟ್ಟ ಮೋಟರುಗಳ ಪೈಪನ್ನು ಯಾರೋ ಕೊಡಲಿಯಿಂದ ಕಡಿದರು, ಕಡಿದವರ ಬಣವೆಗೆ ಮರುದಿನ ಬೆಂಕಿ ಬಿತ್ತು. ಸಿರವಾರದ ಸಂತೆಯಲ್ಲಿ ಮೇಲಿನೂರಿನ ಒಬ್ಬನೂ ಕೆಳಗಿನೂರಿನ ಒಬ್ಬನೂ, ಸ್ವಂತ ಬೀಗರು, ತಕ್ಕಡಿ ಕಲ್ಲಿನಿಂದ ತಲೆ ಒಡೆದುಕೊಂಡರು. ಕಾಲುವೆಯ ಉದ್ದಕ್ಕೂ ನಿಷೇಧಾಜ್ಞೆ ಹಾಕಿ ಪೊಲೀಸರನ್ನು ನಿಲ್ಲಿಸಿದರೆ ಅವರ ಜೀಪಿನ ಗಾಜಿಗೂ ಕಲ್ಲು ಬಿತ್ತು. ಬಿಸಿಲು ಬೇರೆ ಹುಚ್ಚು ಹಿಡಿಸುವಂಥದ್ದು. ಬೆಳಿಗ್ಗೆ ಎಂಟಕ್ಕೇ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಜನ ಮಾತಾಡಿದರೆ ಬೈದ ಹಾಗೆ ಕೇಳುತ್ತಿತ್ತು.

ಆ ಉಪಕಾಲುವೆಯ ನೀರು ಬಳಕೆದಾರರ ಸಂಘಕ್ಕೆ ಅಮರೇಗೌಡರು ಅಧ್ಯಕ್ಷರು. ಮಾನ್ವಿಯಲ್ಲಿ ಅಕ್ಕಿ ಗಿರಣಿ ಇದ್ದವರು, ಯಾರ ಮೇಲೂ ದನಿ ಎತ್ತದ ಮನುಷ್ಯ. ನಾನು ಆಗ ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡು ಶಾಲೆಗಳಿಗೆ ಅಂಕಪಟ್ಟಿಯ ಪ್ರೋಗ್ರಾಂ ಬರೆದುಕೊಡುತ್ತಿದ್ದೆ. ಅಲ್ಲಿಗೆ ಬಂದು ಕುಳಿತರು.

"ಸುನಂದಾ ಅವ್ರ, ಮಂದಿ ಒಬ್ಬರ ಮಾತು ಒಬ್ಬರು ನಂಬವಲ್ರು. ಗೇಟ್ ಮುಚ್ಚೀವಿ ಅಂದ್ರ ಸುಳ್ಳ ಅಂತಾರ. ಕಣ್ಣಿಲೆ ನೋಡಿದ್ರ ನಂಬ್ತಾರ. ಅಂಥಾದೊಂದು ಏನರ ಮಾಡಿಕೊಡ್ರಿ," ಎಂದರು.

ಮಾಡಿಕೊಟ್ಟೆ. ನಾಲ್ಕು ಗೇಟು, ಗೇಟಿಗೊಬ್ಬ ಕಾವಲಿನವ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅವರು ಫೋನಿನಿಂದ ಗೇಟಿನ ಫೋಟೋ ಕಳಿಸಬೇಕು. ಮಾನ್ವಿಯ ಸಂಘದ ಕಚೇರಿಯಲ್ಲಿದ್ದ ಕಂಪ್ಯೂಟರು ಅದನ್ನು ಆಯಾ ಗೇಟಿನ ಫೋಲ್ಡರಿಗೆ ಹಾಕುತ್ತದೆ. ಪಡಸಾಲೆಯಲ್ಲಿ ತೂಗುಹಾಕಿದ ದೊಡ್ಡ ಟಿವಿಯಲ್ಲಿ ಪ್ರತಿ ಫೋಲ್ಡರಿನ ಕಟ್ಟಕಡೆಯ ಫೋಟೋ ಕಾಣುತ್ತದೆ. ಮೇಲೆ ಇವತ್ತಿನ ತಾರೀಖು, ಕೆಳಗೆ ಗೇಟಿನವನ ಹೆಸರು, ಫೋನ್ ನಂಬರು. ನಂಬರು ಯಾರೂ ಕೇಳಿರಲಿಲ್ಲ. ತೆರೆ ಖಾಲಿ ಖಾಲಿ ಕಾಣುತ್ತದೆಂದು ನಾನೇ ಹಾಕಿದ್ದೆ.

ಅಮರೇಗೌಡರು ಒಂದು ಮಾತು ಕೇಳಿದ್ದರು: "ಫೋಟೋ ತೆಗೆಯೂ ಮುಂದ ಒಂದು ಪಾಟಿ ಮ್ಯಾಲ ತಾರೀಖು ಬರದು ಗೇಟಿನ ಬಾಜೂಕ ಇಟ್ರ ಚೊಲೋ ಅಲ್ಲೇನ್ರಿ?" ನಾನು ನಕ್ಕುಬಿಟ್ಟೆ. "ಪಾಟಿ ಬಳಪ ಸಾಲಿ ಹುಡುಗರಿಗೆ ಗೌಡ್ರ. ತಾರೀಖು ಕಂಪ್ಯೂಟರ್ ಹಾಕ್ತದ," ಎಂದೆ. ಅವರು ಪಾಪ ಆ ಮಾತು ಅಲ್ಲಿಗೇ ಬಿಟ್ಟರು.

ಮೂರನೇ ಗೇಟಿನವನು ಹುಸೇನಪ್ಪ. ದೇವದುರ್ಗದ ಕಡೆಯವನು. ಹೆಂಡತಿ ತಾಯಮ್ಮನ ಜತೆ ಗೇಟಿನ ಪಕ್ಕದಲ್ಲೇ ತಗಡಿನ ಕೋಣೆಯಲ್ಲಿ ಇದ್ದ. ಒಣಕಲು ಆಳು, ಆದರೆ ಕೈ ಮಾತ್ರ ಉಕ್ಕಿನವು. ಆ ಗೇಟಿನ ಸ್ಕ್ರೂ ರಾಡು ತಿರುಗಿಸಲು ಬೇರೆಯವರು ಇಬ್ಬರು ಬೇಕಾದರೆ ಇವನೊಬ್ಬನೇ ಹ್ಯಾಂಡಲ್ ಹಿಡಿದು ಗರಗರ ಇಳಿಸುತ್ತಿದ್ದ. ಗೇಟು ಪೂರ್ತಿ ಇಳಿದ ಮೇಲೆ ಸುಣ್ಣದ ಡಬ್ಬಿಯಲ್ಲಿ ಬೆರಳು ಅದ್ದಿ, ರಾಡಿನಿಂದ ಹಿಡಿದು ಪಕ್ಕದ ಚೌಕಟ್ಟಿನವರೆಗೆ ಒಂದೇ ಗೆರೆ ಎಳೆಯುತ್ತಿದ್ದ. ಯಾರಾದರೂ ಗೇಟನ್ನು ಎರಡು ಬೆರಳಿನಷ್ಟು ಎತ್ತಿದರೂ ಆ ಗೆರೆ ಅಲ್ಲಿಗೇ ಒಡೆಯುತ್ತದೆ. ಆ ಕಾಲುವೆಯ ಹಳೆಯ ಪದ್ಧತಿ ಅದು. ಸರದಿ ಬದಲಾಗುವ ದಿನ ಕೆಳಗಿನೂರಿನಿಂದ ಇಬ್ಬರು ಬಂದು ಗೆರೆ ಎಳೆಯುವುದನ್ನು ಕಣ್ಣಾರೆ ನೋಡಿ, ತಾಯಮ್ಮ ಕೊಟ್ಟ ಚಹಾ ಕುಡಿದು, ಹುಸೇನಪ್ಪನಿಗೆ ನಾಲ್ಕು ಮಾತು ಬೈದು ಹೋಗುತ್ತಿದ್ದರು.

"ಅಕ್ಕಾರ, ಗೆರಿ ಇದ್ದಾಗ ಫೋನ್ ಯಾಕ್ರಿ?" ಎಂದು ಅವನು ಮೊದಲ ದಿನವೇ ಕೇಳಿದ.

"ನಿನ್ನ ಗೆರಿ ನೋಡಾಕ ಹದಿನಾಕು ಕಿಲೋಮೀಟರ್ ಯಾರು ಬರ್ತಾರೋ ಹುಸೇನಪ್ಪಾ?" ಎಂದೆ.

ಟಿವಿ ಹಾಕಿದ ಮೇಲೆ ಯಾರೂ ಬರಲಿಲ್ಲ. ಕೆಳಗಿನೂರಿನವರು ಮಾನ್ವಿಗೆ ಬಂದವರು ಪಡಸಾಲೆಯಲ್ಲಿ ಬೀಡಿ ಸೇದುತ್ತ ತೆರೆ ನೋಡಿ ಹೋಗತೊಡಗಿದರು. ಮೂರು ವಾರ ಒಂದೂ ಹೊಡೆದಾಟವಿಲ್ಲ. ಹೆಮ್ಮೆಗೆ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಹೀಗಿರುವಾಗ ಒಂದು ಭಾನುವಾರ, ಬೆಳಗಿನ ಫೋಟೋಗಳು ಬಂದ ಸ್ವಲ್ಪ ಹೊತ್ತಿಗೆ, ಕರೆಂಟು ಏರಿಳಿದು ಕಚೇರಿಯ ವಿಂಡೋಸ್ ಕಂಪ್ಯೂಟರು ಸುಟ್ಟುಹೋಯಿತು. ಡಿಸ್ಕು ಉಳಿದಿತ್ತು. ಆವತ್ತೇ ರಾಯಚೂರಿನಿಂದ ನನ್ನ ಅಂಗಡಿಯ ಹಳೆಯ ಲಿನಕ್ಸ್ ಯಂತ್ರ ಹೊತ್ತುಕೊಂಡು ಬಸ್ಸು ಹತ್ತಿದೆ. ಫೋಟೋಗಳ ಸಮೇತ ಎಲ್ಲ ಫೋಲ್ಡರನ್ನೂ ಹೊಸದಕ್ಕೆ ಸುರಿದೆ. ಟಿವಿಯಲ್ಲಿ ಕಾಣುವ ಪುಟ ತೆರೆಯಲಿಲ್ಲ, ಏಕೆಂದರೆ ಅದರಲ್ಲಿ ನಾನು ಡಿ ಡ್ರೈವಿನ ವಿಳಾಸ ಬರೆದಿಟ್ಟಿದ್ದೆ. ಲಿನಕ್ಸಿನಲ್ಲಿ ಡಿ ಎಂಬ ಡ್ರೈವೇ ಇಲ್ಲ. ಫೈಲಿನ ವಿಳಾಸವನ್ನು ಬ್ರೌಸರಿಗೆ ಕೊಡುವಾಗ ಮೊದಲಿಗೆ ಮೂರು ಗೆರೆ, ಆಮೇಲೆ ಎಲ್ಲ ಕಡೆ ಬಲಕ್ಕೆ ವಾಲಿದ ಗೆರೆಯೇ ಬರಬೇಕು, ಯಂತ್ರ ಯಾವುದಾದರೂ ಸರಿ. ಆ ಸಾಲನ್ನು ತಿದ್ದಿದೆ. ನಾಲ್ಕೂ ಗೇಟು ಪಟಪಟನೆ ತೆರೆಯ ಮೇಲೆ ಬಂದವು. ಮೂರನೇ ಗೇಟು ತೆರೆದಿತ್ತು, ಮೇಲಿನವರ ಸರದಿಯ ಕೊನೆಯ ದಿನ, ಸರಿಯಾಗೇ ಇತ್ತು. ಹೊಸ ಫೋಟೋ ಒಂದು ಬರುವವರೆಗೆ ಕಾಯಬೇಕಿತ್ತು. ಕಾಯಲಿಲ್ಲ. ಮಿರ್ಚಿ ಭಜಿ ತಿಂದು ಐದರ ಬಸ್ಸಿಗೆ ಹೊರಟುಬಂದೆ.

ಬರುವ ಫೋಟೋವನ್ನು ಉಳಿಸುವ ಪ್ರೋಗ್ರಾಂ ಬೇರೆಯೇ ಇತ್ತು. ಅದನ್ನು ಮುಟ್ಟಿರಲಿಲ್ಲ. ಅದರಲ್ಲಿ ಫೋಲ್ಡರಿನ ಹೆಸರು, ಗೇಟಿನ ಹೆಸರು, ಫೋಟೋದ ಹೆಸರು, ಈ ಮೂರನ್ನೂ ಎಡಕ್ಕೆ ವಾಲಿದ ಗೆರೆಯಿಂದ ನಾನೇ ಕೈಯಾರೆ ಅಂಟಿಸಿದ್ದೆ. ವಿಂಡೋಸಿಗೆ ಆ ಗೆರೆ ಎಂದರೆ ಬಾಗಿಲು: ಈ ಕೋಣೆಯ ಒಳಗೆ ಆ ಕೋಣೆ ಎಂದು ತಿಳಿಯುತ್ತದೆ. ಲಿನಕ್ಸಿಗೆ ಅದು ಹೆಸರಿನಲ್ಲಿ ಇನ್ನೊಂದು ಅಕ್ಷರ, ಅಷ್ಟೇ. ಹಾಗಾಗಿ ಅದು ಹೊಸ ಫೋಟೋಗಳನ್ನು ಗೇಟಿನ ಫೋಲ್ಡರಿಗೆ ಒಯ್ಯದೆ, ಉದ್ದುದ್ದ ಹೆಸರು ಕೊಟ್ಟು ಹೊರಗಡೆ ಬೀಸಾಡತೊಡಗಿತು. ತಪ್ಪಾಗಿದೆ ಎಂದು ಒಂದು ಸಾಲೂ ತೋರಿಸಲಿಲ್ಲ. ಟಿವಿಯ ಪುಟ ಗೇಟಿನ ಫೋಲ್ಡರನ್ನು ನೋಡುತ್ತಿತ್ತು, ಅಲ್ಲಿ ಭಾನುವಾರದ ಫೋಟೋ ಕೊನೆಯದಾಗಿ ಕುಳಿತಿತ್ತು. ಮೇಲಿನ ತಾರೀಖು ಮಾತ್ರ ಗಡಿಯಾರ ನೋಡಿಕೊಂಡು ದಿನಾ ಬದಲಾಗುತ್ತಿತ್ತು. ಇಂಥ ವಿಳಾಸ ಜೋಡಿಸುವುದಕ್ಕೆಂದೇ ಪ್ರೋಗ್ರಾಮಿನ ಭಾಷೆಯಲ್ಲಿ ಸಲಕರಣೆ ಇದೆ. ಯಾವ ಯಂತ್ರದ ಮೇಲೆ ಇದ್ದೇನೆ ಎಂದು ಅದೇ ನೋಡಿಕೊಂಡು ಸರಿಯಾದ ಗೆರೆ ಹಾಕುತ್ತದೆ. ನನಗೆ ಗೊತ್ತಿತ್ತು. ಬರೆಯುವಾಗ ಸೋಮಾರಿತನ ಮಾಡಿದ್ದೆ.

ಸೋಮವಾರ ಬೆಳಿಗ್ಗೆ ಹುಸೇನಪ್ಪ ಗೇಟು ಇಳಿಸಿದ, ಸುಣ್ಣದ ಗೆರೆ ಎಳೆದ, ಫೋಟೋ ಕಳಿಸಿದ. ಸಂಜೆ ಕಳಿಸಿದ. ಮಂಗಳವಾರ ಎರಡು ಸಲ ಕಳಿಸಿದ. ನೀರು ಕೆಳಗೆ ಹೊರಟಿತ್ತು, ಆದರೆ ದಾರಿಯಲ್ಲಿ ಕದ್ದ ಮೋಟರುಗಳು ಹೀರಿದವು. ಕೆಳಗಿನೂರಿನ ಗದ್ದೆಗಳಲ್ಲಿ ಭತ್ತ ತೆನೆ ಕಟ್ಟುವ ಹೊತ್ತು. ಕಾಲು ತೂರಿಸುವಷ್ಟು ಬಿರುಕು ಬಿಟ್ಟಿತ್ತು ನೆಲ.

ಬುಧವಾರ ಬೆಳಿಗ್ಗೆ ಹತ್ತಕ್ಕೆ ನಾನು ಮಾನ್ವಿಯ ಕಚೇರಿಯಲ್ಲಿದ್ದೆ, ಹೊಸ ಯಂತ್ರಕ್ಕೆ ಯುಪಿಎಸ್ ಜೋಡಿಸುತ್ತಿದ್ದೆ. ಎರಡು ಟ್ರ್ಯಾಕ್ಟರು ಬಂದು ನಿಂತವು. ತುಂಬ ಜನ, ಕೈಯಲ್ಲಿ ಬಡಿಗೆ. ಮುಂದೆ ಇದ್ದವನು ದುರುಗಪ್ಪ, ಕೆಳಗಿನೂರಿನವನು, ಕಾಲುವೆಯ ಕಟ್ಟಕಡೆಗೆ ಮೂರೆಕರೆ ಗದ್ದೆ ಇದ್ದವನು. ಪಡಸಾಲೆ ಹತ್ತಿ ತೆರೆ ನೋಡಿದ. ಮೂರನೇ ಗೇಟು ಬಾಯಿ ತೆರೆದುಕೊಂಡು ನಿಂತಿತ್ತು, ರಾಡು ಆಳೆತ್ತರ ಮೇಲೆದ್ದಿತ್ತು, ಕೆಳಗೆ ನೊರೆ ನೊರೆ ನೀರು.

"ಮೇಡಂ, ಇದು ಇವತ್ತಿಂದೇನ್ರಿ?" ಎಂದು ಕೇಳಿದ. ದನಿ ಮೆತ್ತಗಿತ್ತು. ಅದನ್ನು ನಾನು ಮರೆಯುವುದಿಲ್ಲ. ಅವನು ಜಗಳಕ್ಕೆ ಬಂದಿರಲಿಲ್ಲ, ಕೇಳಲು ಬಂದಿದ್ದ.

ನಾನು ಕತ್ತೆತ್ತಿ ತಾರೀಖು ನೋಡಿದೆ. "ಮ್ಯಾಲ ತಾರೀಖು ಅದ ನೋಡ್ರಿ. ಇವತ್ತಿಂದ. ಕಂಪ್ಯೂಟರ್ ಸುಳ್ಳು ಹೇಳಾಂಗಿಲ್ಲ."

ಅವನು ತನ್ನವರ ಕಡೆ ತಿರುಗಿದ. "ನಮ್ಮ ಪಾಳೇದಾಗ ನೀರು ಮ್ಯಾಲಿನವ್ರಿಗೆ ಬಿಟ್ಟಾನ, ಸೂಳೇಮಗ," ಎಂದು ಕೂಗಿದ. ಎಲ್ಲರೂ ಕೂಗಿದರು. ಟ್ರ್ಯಾಕ್ಟರುಗಳು ತಿರುಗಿದ ರಭಸಕ್ಕೆ ಕಚೇರಿಯ ಕಾಂಪೌಂಡಿನ ಮೂಲೆ ಕುಸಿಯಿತು.

ಅಮರೇಗೌಡರು ಪೊಲೀಸರಿಗೆ ಫೋನು ಮಾಡುತ್ತಲೇ ಗಾಡಿ ಹೊರಗೆ ತೆಗೆದರು, ನಾನು ಹಿಂದೆ ಕುಳಿತೆ. ಮಲ್ಲಟದ ದಾರಿ ಹಿಡಿದು ಕಾಲುವೆ ಏರಿಯ ಮೇಲೆ ಧೂಳು ಎಬ್ಬಿಸಿಕೊಂಡು ಹೋದೆವು. ಮುಟ್ಟುವಷ್ಟರಲ್ಲಿ ಹುಸೇನಪ್ಪ ನೆಲದ ಮೇಲಿದ್ದ. ಅಂಗಿ ಹರಿದು ಕೊರಳಿಗೆ ಸುತ್ತಿಕೊಂಡಿತ್ತು, ಬಾಯಿ ರಕ್ತ. ಒಬ್ಬ ಎದೆಯ ಮೇಲೆ ಕಾಲಿಟ್ಟಿದ್ದ. ಹುಸೇನಪ್ಪನ ಫೋನು ಕಾಲುವೆ ಸೇರಿತ್ತು.

"ಸೋಮವಾರನ ಇಳಿಸೀನ್ರೋ ಯಪ್ಪಾ... ಗೆರಿ ನೋಡ್ರೋ... ನನ್ನ ಗೆರಿ ನೋಡ್ರೋ," ಎನ್ನುತ್ತಿದ್ದ.

"ನಮ್ಮ ಟ್ರ್ಯಾಕ್ಟರ್ ಸಪ್ಪಳ ಕೇಳಿ ಈಗ ಇಳಿಸಿ ನಾಟಕ ಮಾಡಾಕತ್ತೀಯೇನಲೇ? ಫೋಟೋ ನೋಡೇ ಬಂದೀವಿ!" ದುರುಗಪ್ಪ ಗೇಟಿನ ಹ್ಯಾಂಡಲ್ ಕಿತ್ತು ಕೈಗೆ ತೆಗೆದುಕೊಂಡಿದ್ದ. ಮೊಳಕ್ಕಿಂತ ಉದ್ದದ ಕಬ್ಬಿಣ, ತುಂಬ ಗ್ರೀಸು. "ಈ ಕೈಲೇ ಅಲ್ಲೇನು ತಿರುವೂದು?"

ಇಬ್ಬರು ಹುಸೇನಪ್ಪನ ಬಲಗೈ ಎಳೆದು ಕಟ್ಟೆಯ ಅಂಚಿಗೆ ಇಟ್ಟು ಹಿಡಿದರು. ಹ್ಯಾಂಡಲ್ ಮೇಲೆ ಹೋಯಿತು, ಕೆಳಗೆ ಬಂತು. ಮೊಣಕೈ ಒಡೆದ ಸದ್ದು ಒಣ ಕಟ್ಟಿಗೆ ಮುರಿದ ಹಾಗೆ ಇತ್ತು. ಅವನು ಕೂಗಲಿಲ್ಲ. ಎರಡನೇ ಏಟಿಗೆ ಕೂಗಿದ. ತಾಯಮ್ಮ ಕೋಣೆಯಿಂದ ಓಡಿಬಂದು ದುರುಗಪ್ಪನ ಬೆನ್ನಿಗೆ ಜೋತುಬಿದ್ದು ಹೆಗಲು ಕಚ್ಚಿದಳು. ಅವನು ಅವಳನ್ನು ಕೊಡವಿದ್ದಕ್ಕೆ ಕಟ್ಟೆಗೆ ಹಣೆ ಬಡಿದುಕೊಂಡಳು. ಅಮರೇಗೌಡರು ನಡುವೆ ಹೋಗಿ ಎರಡು ಬಡಿಗೆ ಏಟು ತಿಂದರು. ನಾನು ಏನು ಮಾಡಿದೆ ಎಂದರೆ, ಗೇಟನ್ನು ನೋಡಿದೆ.

ಗೇಟು ಮುಚ್ಚಿತ್ತು. ರಾಡು ಕೆಳಗಿತ್ತು. ಸುಣ್ಣದ ಗೆರೆ ರಾಡಿನಿಂದ ಚೌಕಟ್ಟಿನವರೆಗೆ ಒಂದೇ ಸಮ ಇತ್ತು, ಎಲ್ಲೂ ಒಡೆದಿರಲಿಲ್ಲ. ಈಗ ಎಳೆದ ಗೆರೆಯಾದರೆ ಹಸಿ ಇರಬೇಕು. ಇದು ಎರಡು ದಿನದ ಬಿಸಿಲು ತಿಂದು ಒಣಗಿ, ಹಪ್ಪಳದ ಹಾಗೆ ಎದ್ದಿತ್ತು. ಅಷ್ಟು ಜನರ ಕಣ್ಣೆದುರಿಗೆ ಇದ್ದ ಗೆರೆ ಅದು. ಹದಿನಾಲ್ಕು ಕಿಲೋಮೀಟರು ದೂರದ ಟಿವಿಯನ್ನು ನಂಬಿ ಬಂದವರು ಮೂಗಿನ ಮುಂದಿನ ಗೇಟನ್ನು ನಂಬಲಿಲ್ಲ.

ಪೊಲೀಸರು ಬಂದರು, ಜನ ಚದುರಿದರು, ಹುಸೇನಪ್ಪನನ್ನು ರಾಯಚೂರಿನ ಆಸ್ಪತ್ರೆಗೆ ಒಯ್ದರು. ನಾನು ಗೌಡರ ಜತೆ ಮಾನ್ವಿಗೆ ವಾಪಸು ಬಂದು ಆ ಯಂತ್ರದ ಮುಂದೆ ಕುಳಿತೆ. ಗೇಟಿನ ಫೋಲ್ಡರು ತೆರೆದೆ, ಭಾನುವಾರಕ್ಕೆ ನಿಂತಿತ್ತು. ಎರಡು ಮೆಟ್ಟಿಲು ಹೊರಗೆ ಬಂದು ನೋಡಿದೆ. ಅಲ್ಲಿ ಅವೆಲ್ಲ ಬಿದ್ದಿದ್ದವು. ಒಂದೊಂದರದೂ ಉದ್ದ ಹೆಸರು: ಫೋಟೋ, ಎಡಕ್ಕೆ ವಾಲಿದ ಗೆರೆ, ಗೇಟು ಮೂರು, ಮತ್ತೆ ಆ ಗೆರೆ, ಸೋಮವಾರ ಬೆಳಿಗ್ಗೆ. ಸೋಮವಾರ ಸಂಜೆ. ಮಂಗಳವಾರ. ಬುಧವಾರ ಬೆಳಿಗ್ಗೆ ಏಳಕ್ಕೆ ಕಳಿಸಿದ್ದೂ ಇತ್ತು. ಸೋಮವಾರದಿಂದ ಈಚಿನ ಎಲ್ಲದರಲ್ಲೂ ಮುಚ್ಚಿದ ಗೇಟು, ಬೆಳ್ಳಗಿನ ಗೆರೆ. ಒಂದರಲ್ಲಿ ಅವನ ಹೆಬ್ಬೆರಳು ಮೂಲೆಯಲ್ಲಿ ಅಡ್ಡ ಬಂದಿತ್ತು.

ಅಮರೇಗೌಡರಿಗೆ ತೋರಿಸಿ ಹೇಳಿದೆ. ಅವರ ಹೆಗಲು ಊದಿಕೊಂಡಿತ್ತು. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಅಳಿಸಿಬಿಡ್ರಿ," ಎಂದರು.

"ಗೌಡ್ರ?"

"ಇವತ್ತ ಅವನ ಕೈ ಮುರದಾರ. ಇದು ಗೊತ್ತಾದ್ರ ನಾಳಿ ನಿಮ್ಮ ಕೈ ಮುರೀತಾರ. ಹೆಣ್ಣಮಗಳಿದ್ದೀರಿ. ಹೆಂಗಿದ್ರೂ ಅವನ ಕೈ ಹೊಳ್ಳಿ ಬರಾಂಗಿಲ್ಲಲ್ಲ."

ಸುಳ್ಳು ಯಾಕೆ ಹೇಳಲಿ, ಅವನ್ನೆಲ್ಲ ಒಟ್ಟಿಗೆ ಆರಿಸಿ ಅಳಿಸುವ ಕೀಲಿಯ ಮೇಲೆ ನಾನು ಬೆರಳು ಇಟ್ಟಿದ್ದೆ. ಒತ್ತಿದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಆಸ್ಪತ್ರೆಯಿಂದ ತಾಯಮ್ಮ, ಯಾರದೋ ಫೋನಿನಿಂದ.

"ಅಕ್ಕಾರ, ಪೊಲೀಸ್ರು ನಿನ್ನ ಗಂಡ ಯಾರಿಗೆ ನೀರು ಮಾರ್ಕೊಂಡಾನ ಹೇಳು ಅಂತ ಕೇಳಾಕತ್ತಾರ್ರಿ. ನೌಕರಿ ತೆಗೀತಾರಂತ, ಕೇಸ್ ಹಾಕ್ತಾರಂತ. ನೀವು ದಿನಾ ಫೋಟೋ ನೋಡೀರಲ್ಲ. ಅವ ಹಂಗ ಮಾಡಿಲ್ಲಂತ ನೀವಾರ ಹೇಳ್ರಿ ಯವ್ವಾ."

"ಹೇಳ್ತೀನಿ ತಾಯಮ್ಮ," ಎಂದೆ. ಬೆರಳು ತೆಗೆದೆ.

ಮರುದಿನ ಬೆಳಿಗ್ಗೆ ಸಂಘದ ಅಂಗಳ ತುಂಬಿಹೋಗಿತ್ತು. ತಮ್ಮ ಗೇಟಿನವನಿಗೆ ಹೊಡೆದರೆಂದು ಮೇಲಿನೂರಿನವರು ಒಂದು ಕಡೆ, ಕುಡುಗೋಲು ಕೊಡಲಿ ಹಿಡಿದೇ ಬಂದಿದ್ದರು. ಕಳ್ಳನ ಪರ ಬಂದಿದ್ದಾರೆಂದು ಕೆಳಗಿನವರು ಇನ್ನೊಂದು ಕಡೆ. ನಡುವೆ ಹತ್ತು ಜನ ಪೊಲೀಸರು. ದುರುಗಪ್ಪನೂ ಇದ್ದ, ಇನ್ನೂ ಅವನನ್ನು ಹಿಡಿದಿರಲಿಲ್ಲ. ಯಾರಾದರೂ ಜೋರಾಗಿ ಸೀನಿದ್ದರೂ ಹೆಣ ಬೀಳುತ್ತಿದ್ದವು. ನಾನು ಸ್ಟೂಲ್ ಹತ್ತಿ ನಿಂತೆ.

"ನಿನ್ನೆ ಟಿವಿಯಾಗ ಕಂಡದ್ದು ನಿನ್ನಿ ಫೋಟೋ ಅಲ್ಲ. ರವಿವಾರದ್ದು. ತಪ್ಪು ಹುಸೇನಪ್ಪಂದಲ್ಲ, ನಂದು," ಎಂದು ಹೇಳಿ ಒಂದೊಂದೇ ಫೋಟೋ ತೆರೆಯ ಮೇಲೆ ತಂದೆ. ಸೋಮವಾರ. ಮಂಗಳವಾರ. ಬುಧವಾರ ಬೆಳಿಗ್ಗೆ ಏಳು ಗಂಟೆ. ಮುಚ್ಚಿದ ಗೇಟು, ಮುಚ್ಚಿದ ಗೇಟು, ಮುಚ್ಚಿದ ಗೇಟು. ಹೆಬ್ಬೆರಳು ಅಡ್ಡ ಬಂದ ಫೋಟೋ ಬಂದಾಗ ದುರುಗಪ್ಪ ಎರಡು ಹೆಜ್ಜೆ ಮುಂದೆ ಬಂದ.

"ಹಂಗಾದ್ರ ನೀವು ನಿನ್ನೆ ನಂಗ ಹೇಳಿದ್ದು?"

"ಸುಳ್ಳು. ನಂಗ ಗೊತ್ತಿದ್ದಿಲ್ಲ."

"ಗೊತ್ತಿಲ್ಲಂದ್ರ ಗೊತ್ತಿಲ್ಲ ಅನಬೇಕಿತ್ತಲ್ಲ ಬಾಯಿಲೇ! ನನ್ನ ಕೈಲೆ ಏನು ಮಾಡಿಸಿದಿ ನೀನು!" ಕಾಂಪೌಂಡಿನಿಂದ ಬಿದ್ದ ಕಲ್ಲು ಅವನ ಕಾಲ ಬಳಿಯೇ ಇತ್ತು. ಎತ್ತಿ ಬೀಸಿದ. ಟಿವಿ ಸಿಡಿಯಿತು. ನನ್ನ ಎಡಹುಬ್ಬಿಗೆ ಏನೋ ಬಡಿದು ಕಣ್ಣು ಕೆಂಪಾಯಿತು. ಆಮೇಲೆ ಎರಡೂ ಊರಿನವರು ಒಟ್ಟಿಗೆ ನುಗ್ಗಿದರು. ಕಂಪ್ಯೂಟರನ್ನು ಹೊರಗೆಳೆದು ಕೊಡಲಿಯಿಂದ ಕಡಿದರು, ವೈರು ಕಿತ್ತರು, ಕುರ್ಚಿ ಬಾಗಿಲು ಏನೂ ಬಿಡಲಿಲ್ಲ. ಒಬ್ಬರ ಮೇಲೊಬ್ಬರು ಬೀಳಬೇಕಿದ್ದ ಸಿಟ್ಟೆಲ್ಲ ಆ ಡಬ್ಬಿಯ ಮೇಲೆ ಬಿತ್ತು. ನಾನು ಗೋಡೆಗೆ ಒರಗಿ ಕುಳಿತು ನೋಡುತ್ತಿದ್ದೆ. ನನಗೆ ಸಮಾಧಾನವಾಗುತ್ತಿತ್ತು ಎಂದರೆ ನಂಬುತ್ತೀರೋ ಇಲ್ಲವೋ.

ಗದ್ದಲ ನಿಂತ ಮೇಲೆ ತಾಯಮ್ಮ ಬಂದಳು. ಹೇಳುತ್ತೇನೆ ಎಂದಿದ್ದೆನಲ್ಲ, ಕೇಳಲೆಂದು ರಾಯಚೂರಿನಿಂದ ಮೊದಲ ಬಸ್ಸಿಗೆ ಬಂದು ಹಿಂದೆ ನಿಂತಿದ್ದಳು. ಹಣೆಗೆ ಪಟ್ಟಿ ಇತ್ತು. ಎಲ್ಲರೆದುರಿಗೆ ನನ್ನ ಕೆನ್ನೆಗೆ ಬಾರಿಸಿದಳು. ಆಮೇಲೆ ತನ್ನ ಸೆರಗಿನಿಂದಲೇ ನನ್ನ ಹುಬ್ಬಿನ ರಕ್ತ ಒತ್ತಿ ಹಿಡಿದಳು. ಆ ದಿನ ನಾನು ಅತ್ತದ್ದು ಆಗಲೇ.

ಹುಸೇನಪ್ಪನ ಮೇಲಿನ ದೂರು ಬಿದ್ದುಹೋಯಿತು. ದುರುಗಪ್ಪ ಜೈಲಿಗೆ ಹೋಗಿ ಬಂದ. ಕದ್ದ ಮೋಟರುಗಳು ಸಿಕ್ಕವು, ನೀರು ವಾರ ತಡವಾಗಿ ಕೆಳಗೆ ಮುಟ್ಟಿತು, ಅಷ್ಟರಲ್ಲಿ ಅರ್ಧ ತೆನೆ ಜೊಳ್ಳಾಗಿತ್ತು. ಆದರೆ ಮೊಣಕೈ ಕೂಡಲಿಲ್ಲ. ಹ್ಯಾಂಡಲ್ ತಿರುಗಿಸಲಾಗದವನಿಗೆ ಗೇಟಿನ ಕೆಲಸವೆಲ್ಲಿ, ಗಂಡ ಹೆಂಡತಿ ದೇವದುರ್ಗಕ್ಕೆ ಹೊರಟುಹೋದರು. ಸಂಘದವರು ಮತ್ತೆ ಸುಣ್ಣದ ಗೆರೆಗೆ, ಸರದಿಯ ದಿನ ಇಬ್ಬರು ಬಂದು ನೋಡುವ ಪದ್ಧತಿಗೆ ಮರಳಿದರು. ನಾನು ಅಂಗಡಿ ಮುಚ್ಚಿ ಪಾಠ ಹೇಳಲು ಸೇರಿದೆ.

ಇಷ್ಟೂ ನೆನಪು ಒಂದು ಗ್ರೀಸಿನ ವಾಸನೆಗೆ ಎದ್ದುಬಂತು. ಲ್ಯಾಬಿಗೆ ವಾಪಸು ಹೋಗಿ ಆ ಹುಡುಗಿಯ ಪಕ್ಕ ಕುಳಿತೆ. "ಅಳಬ್ಯಾಡ. ತಪ್ಪು ನಂದೂ ಅದ," ಎಂದು, ಕೈಯಿಂದ ಅಂಟಿಸದೆ ಭಾಷೆಯ ಸಲಕರಣೆಯಿಂದಲೇ ವಿಳಾಸ ಹೇಗೆ ಜೋಡಿಸುವುದೆಂದು ತೋರಿಸಿದೆ. ಎರಡೇ ಸಾಲು. ಓಡಿತು. ಪರೀಕ್ಷೆ ಮುಗಿದ ಮೇಲೆ ಬಸ್ ನಿಲ್ದಾಣದ ಕಡೆ ಹೋಗುವ ಬದಲು ಹುಸೇನಪ್ಪನನ್ನು ಹುಡುಕುತ್ತ ಹೋದೆ. ಇಷ್ಟು ವರ್ಷ ಧೈರ್ಯವಾಗಿರಲಿಲ್ಲ.

ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಮುಂದೆ ಕಾವಲಿಗಿದ್ದ. ಲಾರಿ ಬಂದಾಗ ಎಡಗೈಯಿಂದ ಗೇಟು ತಳ್ಳುತ್ತಿದ್ದ. ಬಲಗೈ ಮೊಣಕೈಯಲ್ಲಿ ಹೊರಗೆ ಬಾಗಿ ಹಾಗೇ ನಿಂತುಬಿಟ್ಟಿತ್ತು. ಗುರುತು ಹಿಡಿದು ನಕ್ಕ. "ಬರ್ರಿ ಅಕ್ಕಾರ, ಕುಂದರ್ರಿ," ಎಂದು ತನ್ನ ಸ್ಟೂಲನ್ನೇ ಕೊಟ್ಟು ಚಹಾ ತರಿಸಿದ. ತಾಯಮ್ಮ ಒಳಗೆ ಹತ್ತಿ ಆರಿಸುವ ಕೆಲಸದಲ್ಲಿದ್ದಾಳೆ ಎಂದ.

"ಅಕ್ಕಾರ, ಒಂದು ಕೇಳಬೇಕಂತ ಇತ್ತು. ಆ ದಿನ ನಿಮ್ಮ ಡಬ್ಬಿಗೆ ಖರೇನ ಏನಾಗಿತ್ರಿ?"

ನಾನು ಕಡ್ಡಿ ತೆಗೆದುಕೊಂಡು ಮಣ್ಣಿನ ಮೇಲೆ ಎರಡು ಗೆರೆ ಎಳೆದೆ. ಒಂದು ಎಡಕ್ಕೆ ವಾಲಿದ್ದು, ಒಂದು ಬಲಕ್ಕೆ. ಒಂದು ಯಂತ್ರಕ್ಕೆ ಇದು ಬಾಗಿಲು, ಇನ್ನೊಂದಕ್ಕೆ ಅಲ್ಲ, ನಾನು ನೋಡಿಕೊಳ್ಳಲಿಲ್ಲ ಎಂದು ಹೇಳಿದೆ. ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡದ್ದನ್ನು ಅವನಿಗೂ ಹೇಳಿದೆ: ಆ ಒಂದು ಗೆರೆ ಸರಿಯಾಗಿದ್ದರೆ ನಿನ್ನ ಕೈ ಉಳಿಯುತ್ತಿತ್ತು.

ಅವನು ಬಗ್ಗಿ ಆ ಎರಡು ಗೆರೆಗಳನ್ನು ನೋಡಿದ. ಆಮೇಲೆ ಚಪ್ಪಲಿಯಿಂದ ಎರಡನ್ನೂ ಒರೆಸಿದ.

"ಗೆರಿ ಹೆಂಗರ ಇರ್ಲಿ ಬಿಡ್ರಿ. ದುರುಗಪ್ಪ ಬಂದು ಕೇಳಿದಾಗ ನಂಗೊಂದು ಫೋನ್ ಹಚ್ಚಿದ್ರ ಆಗ್ತಿತ್ತಲ್ರಿ ಅಕ್ಕಾರ. ಹುಸೇನಪ್ಪಾ, ಗೇಟ್ ಇಳಿಸೀಯೇನು ಅಂತ ಕೇಳಿದ್ರ, ಹೂಂ ಅಂತಿದ್ದೆ. ಫೋನ್ ಕೈಯಾಗ ಹಿಡಕೊಂಡೇ ಕುಂತಿದ್ದೆ."

ಸಿಟ್ಟಿನಿಂದ ಹೇಳಲಿಲ್ಲ. ಲಾರಿ ಹಾರನ್ ಹೊಡೆಯಿತು, ಗೇಟು ತೆರೆಯಲು ಎದ್ದುಹೋದ.

ಟಿವಿಯಲ್ಲಿದ್ದ ಆ ಫೋಟೋದ ಕೆಳಗೆ, ದಪ್ಪ ಅಕ್ಷರದಲ್ಲಿ ಅವನ ನಂಬರು ಇತ್ತು. ನಾನೇ ಟೈಪು ಮಾಡಿದ್ದೆ.